ಹೂಂ ಅನ್ನುವವರು

ಲ್ಯಾಬಿನ ಗಾಜಿನ ತಟ್ಟೆಯಲ್ಲಿ, ಅಕ್ಕನ ರಕ್ತದಿಂದ ತೆಗೆದ ಬಿ ಕೋಶಗಳು ಜೀವಂತವಾಗಿದ್ದವು. ಆದರೆ ಲಸಿಕೆಯ ಚೂರು ಬೆರೆಸಿ ವಾರ ಕಳೆದರೂ, ಅವು ತಯಾರಿಸಬೇಕಿದ್ದ, ರೋಗವನ್ನು ತಡೆಯುವ ಪ್ರತಿಕಾಯ ಮಾತ್ರ ಒಂದಿಷ್ಟೂ ತಯಾರಾಗಿರಲಿಲ್ಲ. ಲಸಿಕೆ ಹಾಕಿಸಿಕೊಂಡಿದ್ದ ಅವಳ ರಕ್ತದ ಮೇಲೆಯೇ ನನ್ನ ಪ್ರಾಜೆಕ್ಟ್ ನಿಂತಿತ್ತು.

"ಟಿ ಕೋಶ ಎಲ್ಲಿ?" ಎಂದು ನನ್ನ ಗೈಡ್ ಮೇಡಂ ಕೇಳಿದರು.

"ಬಿ ಕೋಶ ಶುದ್ಧವಾಗಿರಲಿ ಅಂತ ಅದನ್ನ ಬೇರೆ ಮಾಡಿ ಚೆಲ್ಲಿಬಿಟ್ಟೆ, ಮೇಡಂ."

"ಅಯ್ಯೋ ತಾಯಿ! ಬಿ ಕೋಶ ಲಸಿಕೆಯ ಚೂರನ್ನ ಹಿಡಿದು ತೋರಿಸ್ಬೇಕು, ಟಿ ಕೋಶ ನೋಡಿ ಹೂಂ ಅನ್ಬೇಕು. ಆಮೇಲೆ ತಾನೇ ಪ್ರತಿಕಾಯ ತಯಾರಾಗೋದು! ನಾಳೆಯೊಳಗೆ ಮತ್ತೆ ಶುರು ಮಾಡು, ಇಲ್ಲಾಂದ್ರೆ ಈ ವರ್ಷ ನಿನ್ನ ಪ್ರಾಜೆಕ್ಟ್ ಮುಗಿಯಲ್ಲ."

ಮತ್ತೆ ರಕ್ತ ಬೇಕೆಂದು ಫೋನ್ ಮಾಡಿದೆ. ಆಸ್ಪತ್ರೆಯಲ್ಲಿ ಪಾಳಿ ಮುಗಿಸಿದ ಅಕ್ಕ ನರ್ಸ್ ಬಟ್ಟೆಯಲ್ಲೇ ಲ್ಯಾಬಿಗೆ ಬಂದು ಸ್ಟೂಲಿನ ಮೇಲೆ ಕುಸಿದಳು.

"ದಿನವೆಲ್ಲ ಊರಿಗೇ ಚುಚ್ಚಿ ಸಾಕಾಗಿದೆ. ಈಗ ನನಗೇ ಚುಚ್ಚಿಸ್ತೀಯಾ? ಹೋದ ಸಲದ್ದು ಏನಾಯ್ತೇ?"

ಹೇಳಿದೆ. ಅವಳಿಗೆ ನಗಲೂ ತ್ರಾಣವಿರಲಿಲ್ಲ.

"ಪಕ್ಕದಲ್ಲಿ ಯಾರಾದ್ರೂ ನಿಂತು ಹೂಂ ಅನ್ನದಿದ್ರೆ ಅವಕ್ಕೂ ಕೈ ಆಡಲ್ಲ ಅನ್ನು. ನನ್ನ ರಕ್ತಕ್ಕೆ ನಿನ್ನ ಗುಣ ಹೇಗೆ ಬಂತೇ?"

ಲ್ಯಾಬಿನ ತಂತ್ರಜ್ಞ ಸೂಜಿ ಹಿಡಿದು ನನ್ನನ್ನು ನೋಡಿದರು. ನಾನು ಅಕ್ಕನನ್ನು ನೋಡಿದೆ.

ಅವಳು ಊದಿದ ಪಾದಗಳನ್ನು ಚಪ್ಪಲಿಯಿಂದ ಬಿಡಿಸಿಕೊಂಡಳು. ಕಣ್ಣು ಮುಚ್ಚಿ, ತೋಳು ಚಾಚಿ, "ಹೂಂ" ಎಂದಳು.