ಎರಡು ಮಂಡಿಗೆ ಎರಡು ಪಟ್ಟಿ

ಶಂಭು ಹೆಬ್ಬಾರರಿಗೆ ಗೊತ್ತಿಲ್ಲದ ರೋಗವಿರಲಿಲ್ಲ, ತಿಳಿಯದ ಮದ್ದೂ ಇರಲಿಲ್ಲ. ಕಳಸದಿಂದ ಹೊರನಾಡಿಗೆ ಹೋಗುವ ದಾರಿಯಲ್ಲಿ ಅವರದೊಂದು ಕಾಫಿ ತೋಟವಿತ್ತು. ತೋಟದ ಲೆಕ್ಕವನ್ನೂ ಆಳುಗಳನ್ನೂ ರೈಟರ್ ಮಲ್ಲಿಕಾರ್ಜುನ ನೋಡಿಕೊಳ್ಳುತ್ತಿದ್ದುದರಿಂದ ಊರಿನವರ ಆರೋಗ್ಯ ನೋಡಿಕೊಳ್ಳಲು ಹೆಬ್ಬಾರರಿಗೆ ಬೇಕಾದಷ್ಟು ಪುರುಸೊತ್ತಿತ್ತು. ಎದುರಿಗೆ ಬಂದವರು ಕೆಮ್ಮಿದರೆ ಸಾಕು, ಕೇಳದೆಯೇ ಮಾತ್ರೆಯ ಹೆಸರು ಹೇಳುತ್ತಿದ್ದರು. ಡಾಕ್ಟರು ಬೇರೆ ಬರೆದುಕೊಟ್ಟಿದ್ದರೆ, “ಅವ್ನಿಗೆ ಎಂತ ಗೊತ್ತು ಮಾರಾಯ, ನಿನ್ನೆ ಮೊನ್ನೆ ಪಾಸಾದವ” ಎಂದು ನಗುತ್ತಿದ್ದರು. ಅವರು ಬಿ.ಎಸ್ಸಿ.ಯನ್ನು ಅರ್ಧಕ್ಕೇ ಬಿಟ್ಟು ಬಂದವರೆಂಬುದು ಊರಿಗೆ ಮರೆತುಹೋಗಿತ್ತು. ತಮ್ಮನ ಮಗಳು ಮಾಲವಿಕಾಗೆ ಮಾತ್ರ ಅವರು ಬಾಯಿ ತೆರೆದಾಗಲೆಲ್ಲ ನೆನಪಾಗುತ್ತಿತ್ತು.

ಮಾಲವಿಕಾ ಕಳಸದಲ್ಲೇ ಕಾಲೇಜಿನ ಹುಡುಗರಿಗೆ ಅರ್ಥಶಾಸ್ತ್ರ ಕಲಿಸುವವಳು. ಅವಳ ಅಪ್ಪ ಆ ಚಳಿಗಾಲದ ಆರಂಭದಲ್ಲಿ ತೀರಿಕೊಂಡಿದ್ದರು. ಕ್ಯಾನ್ಸರ್ ಮೂಳೆಗೆ ಇಳಿದಿತ್ತು. ಮಗ್ಗುಲು ಬದಲಿಸಿದರೆ ಚೀರುತ್ತಿದ್ದ ಮನುಷ್ಯ ಕೊನೆಯ ತಿಂಗಳುಗಳಲ್ಲಿ ಒಂದಿಷ್ಟು ಕಣ್ಣು ಮುಚ್ಚಿದ್ದು ಎದೆಗೆ ಅಂಟಿಸುತ್ತಿದ್ದ ಫೆಂಟನಿಲ್ ಪಟ್ಟಿಯ ದಯೆಯಿಂದ. ಮನೆಗೆ ಬಂದು ಆರೈಕೆ ನೋಡುತ್ತಿದ್ದ ನರ್ಸ್ ಧನ್ಯಶ್ರೀ ಮೊದಲ ದಿನವೇ ಬಿಡಿಸಿ ಹೇಳಿದ್ದಳು. ಇದು ಮಾರ್ಫಿನ್ ಜಾತಿಯದೇ, ಅದಕ್ಕಿಂತ ಎಷ್ಟೋ ಪಟ್ಟು ಜೋರು. ರೂಢಿಯಿಲ್ಲದ ಮೈಗೆ ಅಂಟಿಸಿದರೆ ಉಸಿರನ್ನೇ ಮರೆಸಿಬಿಡುತ್ತದೆ. ಮೇಲೆ ಶಾಖ ಕೊಡಲೇಬಾರದು, ಬೇರೆಯವರ ಕೈಗೆ ಸಿಗಲೇಬಾರದು. ಅಂಥದ್ದೇನಾದರೂ ಆದರೆ ಏನು ಮಾಡಬೇಕೆಂಬುದನ್ನೂ ಮಾಲವಿಕಾಗೆ ಮಾಡಿಸಿ ತೋರಿಸಿದ್ದಳು. ಹೆಬ್ಬಾರರು ಆಗ ತಮ್ಮನ ಮನೆಯ ಜಗಲಿಯಲ್ಲೇ ಪೇಪರು ಹಿಡಿದು ಕೂತಿದ್ದರು. ಇಷ್ಟೆಲ್ಲ ಮಾತಿನಲ್ಲಿ ಅವರ ಕಿವಿಗೆ ಇಳಿದದ್ದು ಒಂದೇ: ಇದರಷ್ಟು ನೋವು ತೆಗೆಯುವ ವಸ್ತು ಮತ್ತೊಂದಿಲ್ಲ.

ಕ್ರಿಯೆಗಳೆಲ್ಲ ಮುಗಿದ ಮೇಲೆ, ಉಳಿದ ಪಟ್ಟಿಗಳನ್ನು ಧನ್ಯಶ್ರೀಗೆ ಹಿಂದಿರುಗಿಸೋಣವೆಂದು ಮಾಲವಿಕಾ ಕಪಾಟು ತೆಗೆದರೆ ಕವರೇ ಇಲ್ಲ.

“ನಿನ್ನೆ ನಿನ್ನ ದೊಡ್ಡಪ್ಪ ತಗೊಂಡು ಹೋದ್ರಲ್ಲ” ಎಂದರು ಅಮ್ಮ. “ಬೆಲೆಬಾಳೋ ಮದ್ದು, ಬಿಸಾಡೋದು ಎಂತಕ್ಕೆ ಅಂದ್ರು.”

ಫೋನು ಮಾಡಿದಳು. ದೊಡ್ಡಪ್ಪ ಎತ್ತಲಿಲ್ಲ. ಮಾಲವಿಕಾ ಸ್ಕೂಟರ್ ಹತ್ತಿದಳು.

ಅಂಗಳದಲ್ಲಿ ಕಾಫಿ ಹಣ್ಣು ಹರವಿತ್ತು. ಹೆಬ್ಬಾರರು ಜಗಲಿಯ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು.

“ಬಾ ಬಾ. ಮೆಲ್ಲ ಮಾತಾಡು, ದೊಡ್ಡಮ್ಮ ಮಲಗಿದಾಳೆ. ಮಂಡಿನೋವು ಅಂತ ವರ್ಷಗಟ್ಟಲೆ ಗೋಳು ಹೊಯ್ಕೊಂಡ್ಳಲ್ಲ, ನಿನ್ನೆ ಸಂಜೆ ನಾನೇ ಟ್ರೀಟ್‌ಮೆಂಟ್ ಕೊಟ್ಟೆ. ಎರಡು ಮಂಡಿಗೆ ಎರಡು ಪಟ್ಟಿ. ಚೆನ್ನಾಗಿ ಹಿಡೀಲಿ ಅಂತ ಬಿಸಿನೀರಿನ ಚೀಲ ಬೇರೆ ಇಟ್ಟಿದೀನಿ. ಕೇಳು, ಹೆಂಗೆ ಗೊರಕೆ ಹೊಡೀತಾಳೆ!”

ಮಾಲವಿಕಾ ಕೇಳಿಸಿಕೊಂಡಳು. ಅದು ಗೊರಕೆಯಾಗಿರಲಿಲ್ಲ. ಗಂಟಲಲ್ಲಿ ನೀರು ಸಿಕ್ಕಿಕೊಂಡಂತೆ ಗೊರಗೊರ ಸದ್ದು, ಆಮೇಲೆ ಏನೂ ಇಲ್ಲ, ಬಹಳ ಹೊತ್ತಿನ ಮೇಲೆ ಮತ್ತೊಂದು.

ಒಳಗೆ ದೊಡ್ಡಮ್ಮ ಸೀತಮ್ಮ ಅಂಗಾತ ಮಲಗಿದ್ದರು. ತುಟಿ ನೇರಳೆಗಟ್ಟಿತ್ತು. ಭುಜ ಹಿಡಿದು ಅಲುಗಿಸಿ ಕೂಗಿದರೂ ಅಲುಗಾಟವಿಲ್ಲ. ರೆಪ್ಪೆ ಎತ್ತಿದರೆ ಕಣ್ಣಿನ ಪಾಪೆ ಸಾಸಿವೆಗಿಂತ ಸಣ್ಣದಾಗಿತ್ತು. ಮಾಲವಿಕಾ ಚೀಲವನ್ನು ಆಚೆ ಎಸೆದಳು, ಸೆರಗಿನ ತುದಿಯಲ್ಲಿ ಹಿಡಿದು ಎರಡೂ ಪಟ್ಟಿ ಕಿತ್ತಳು.

“ಏ ಏ, ಎಂತ ಮಾಡ್ತೀಯೇ? ಪಾಪ, ಮಲಗ್ಲಿ ಬಿಡೇ!”

“ಇವ್ರು ಮಲಗಿಲ್ಲ, ಸಾಯ್ತಾ ಇದಾರೆ. 108ಕ್ಕೆ ಫೋನ್ ಮಾಡಿ.”

“ಸಾಯೋದಂತೆ! ಮದ್ದಿನ ಮಂಪರು ಅದು. ಒಂದು ಲೋಟ ಸ್ಟ್ರಾಂಗ್ ಕಾಫಿ ಕುಡಿಸಿದ್ರೆ ಎದ್ದು ಕೂರ್ತಾಳೆ.” ಹೆಬ್ಬಾರರು ನಿಜಕ್ಕೂ ಅಡುಗೆಮನೆಗೆ ಹೋಗಿ ಲೋಟ ತಂದರು. ಪ್ರಜ್ಞೆಯಿಲ್ಲದ ಹೆಂಡತಿಯ ಬಾಯಿಗೆ ಅದನ್ನು ಹಿಡಿದೇಬಿಡುತ್ತಿದ್ದರು. ಮಾಲವಿಕಾ ಅವರ ಮುಂಗೈಗೆ ಹೊಡೆದಳು. ಕಾಫಿ ಅವರ ಬಿಳಿ ಪಂಚೆಯ ಮೇಲೆ ಚೆಲ್ಲಿತು. ಅಷ್ಟು ಹೊತ್ತಿನಲ್ಲಿ ಆ ಮನುಷ್ಯ ಮೊದಲ ಬಾರಿಗೆ ಗಾಬರಿಯಾದದ್ದು ಆಗ, ಅದೂ ಪಂಚೆಗಾಗಿ.

ಅವಳೇ 108ಕ್ಕೆ ಫೋನು ಮಾಡಿದಳು. ಆಂಬುಲೆನ್ಸ್ ಬೇರೆ ಕಡೆ ಹೋಗಿತ್ತು, ಬರಲು ಹೊತ್ತಾಗುತ್ತಿತ್ತು. ಕಿಟಕಿಯಿಂದ ತೋಟದ ಜೀಪ್ ಡ್ರೈವರ್ ರವಿಯನ್ನು ಕೂಗಿ ಕರೆದಳು. ದೊಡ್ಡಮ್ಮನ ತಲೆ ಹಿಂದಕ್ಕೆ ಬಾಗಿಸಿ, ಗದ್ದ ಎತ್ತಿ, ಮೂಗು ಹಿಡಿದು, ಬಾಯಿಗೆ ಬಾಯಿಟ್ಟು ಉಸಿರು ಊದಿದಳು. ಎದೆ ಏರಿತು. ಮತ್ತೆ ಊದಿದಳು. ಜೀಪಿನ ಹಿಂದಿನ ಸೀಟಿನಲ್ಲೂ ಊದಿದಳು, ತಿರುವುಗಳಲ್ಲಿ ತಲೆ ಕಬ್ಬಿಣಕ್ಕೆ ಬಡಿದರೂ ಬಿಡಲಿಲ್ಲ. ಮುಂದಿನ ಸೀಟಿನಿಂದ ಹೆಬ್ಬಾರರು ಹೇಳುತ್ತಲೇ ಇದ್ದರು: “ಗ್ಯಾಸ್ ಇರ್ಬೇಕು. ರಾತ್ರಿ ಅಲಸಂದೆ ತಿಂದಿದ್ಳು.”

“ದೊಡ್ಡಪ್ಪ, ಇನ್ನೊಂದು ಮಾತಾಡಿದ್ರೆ ನಿಮ್ಮನ್ನ ಇಲ್ಲೇ ಇಳಿಸ್ತೀನಿ” ಎಂದಳು ಮಾಲವಿಕಾ. ರವಿ ತಕ್ಷಣ ಬ್ರೇಕಿನ ಮೇಲೆ ಕಾಲಿಟ್ಟ. ಹೆಬ್ಬಾರರು ಬಾಗಿಲಿನ ಹಿಡಿ ಗಟ್ಟಿಯಾಗಿ ಹಿಡಿದುಕೊಂಡರು.

ಆಸ್ಪತ್ರೆಯ ಡಾಕ್ಟರು ಪಟ್ಟಿಯ ಹೆಸರು ಕೇಳಿದ್ದೇ ಆಮ್ಲಜನಕ ಹಚ್ಚಿಸಿ, ಅದಕ್ಕೆ ಪ್ರತಿಮದ್ದಾದ ನಾಲೊಕ್ಸೋನ್ ಚುಚ್ಚಿದರು. ಸ್ವಲ್ಪದರಲ್ಲೇ ಸೀತಮ್ಮ ನೀರಿನಿಂದ ಮೇಲೆದ್ದವರಂತೆ ಉಸಿರೆಳೆದು ಕಣ್ಣು ಬಿಟ್ಟರು. ಮಾಲವಿಕಾ ಗೋಡೆಗೆ ಒರಗಿ ಅತ್ತಳು.

“ನೋಡಿದ್ಯಾ, ಎದ್ಳಲ್ಲ! ನಡೀರಿ ಮನೆಗೆ” ಎಂದರು ಹೆಬ್ಬಾರರು.

ಡಾಕ್ಟರು ಅವರ ಕಡೆ ತಿರುಗಿದರು. “ಪಟ್ಟಿ ತೆಗೆದ್ರೂ ಚರ್ಮದೊಳಗೆ ಮದ್ದು ಉಳಿದಿರುತ್ತೆ ಯಜಮಾನ್ರೇ. ನಮ್ಮ ಇಂಜೆಕ್ಷನ್ ಅದಕ್ಕಿಂತ ಮೊದ್ಲೇ ಇಳಿದುಹೋಗುತ್ತೆ. ಈಗ ಮನೆಗೆ ಕರ್ಕೊಂಡು ಹೋದ್ರೆ ಮತ್ತೆ ಉಸಿರು ನಿಲ್ಲುತ್ತೆ.”

“ಅದೆಲ್ಲ ಪುಸ್ತಕದ ಮಾತು.”

ಪುಸ್ತಕದ ಮಾತೇ ನಿಜವಾಯಿತು. ಮಧ್ಯಾಹ್ನ ಸೀತಮ್ಮನ ಉಸಿರು ಮತ್ತೆ ನಿಧಾನವಾಗಿ, ಮತ್ತೊಮ್ಮೆ ಚುಚ್ಚಬೇಕಾಯಿತು. ಹೆಬ್ಬಾರರು ಆಗ ಕ್ಯಾಂಟೀನಿನಲ್ಲಿ ಯಾರಿಗೋ ಬಿ.ಪಿ. ಮಾತ್ರೆ ಬಿಡಿಸುವ ಉಪಾಯ ಹೇಳುತ್ತಿದ್ದರು. ಮಾಲವಿಕಾ ಅಲ್ಲಿಗೇ ಹೋದಳು.

“ಉಳಿದ ಪಟ್ಟಿ ಎಲ್ಲಿ?”

ಅವರು ಜುಬ್ಬದ ಜೇಬಿನಿಂದ ಕವರು ತೆಗೆದುಕೊಟ್ಟರು. ಎಣಿಸಿದರೆ, ದೊಡ್ಡಮ್ಮನಿಗೆ ಅಂಟಿಸಿದ ಎರಡನ್ನು ಬಿಟ್ಟೂ ಒಂದು ಕಡಿಮೆ.

“ಇನ್ನೊಂದು?”

“ಅದಾ... ನಮ್ಮ ಕೆಲಸದ ಮರಿಯಮ್ಮಂಗೆ ಸೊಂಟನೋವು ಅಂದ್ಳು. ಬೆಳಿಗ್ಗೆ ಕೊಟ್ಟೆ. ಉಪಕಾರ ಮಾಡೋದೂ ತಪ್ಪಾ?”

ಮಾಲವಿಕಾ ಮಲ್ಲಿಕಾರ್ಜುನನಿಗೆ ಫೋನು ಮಾಡಿದಳು. ಅವನು ಕೊಯ್ಲಿನ ಸಾಲಿಗೆ ಓಡಿ ಮರಿಯಮ್ಮನ ಕೈಗೇ ಫೋನು ಕೊಟ್ಟ. ಮಾಲವಿಕಾ ಎಲ್ಲರಿಗೂ ಕೇಳುವಂತೆ ಸ್ಪೀಕರ್ ಒತ್ತಿದಳು.

“ಪಟ್ಟಿನಾ ಅಮ್ಮಾ?” ಮರಿಯಮ್ಮನ ದನಿ ಗಟ್ಟಿಯಾಗಿಯೇ ಇತ್ತು. “ಬಿಚ್ಚೂ ಇಲ್ಲ, ಸೆರಗಲ್ಲೇ ಗಂಟು ಹಾಕಿದೀನಿ. ಹೆಬ್ಬಾರ್ರು ಕೊಡೋ ಮದ್ದು ನಾವ್ಯಾರೂ ತಗಳಲ್ಲ. ಬೇಡ ಅಂದ್ರೆ ಬೇಜಾರು ಮಾಡ್ಕತಾರೆ ಅಂತ ಇಸ್ಕೊತೀವಿ ಅಷ್ಟೇ.”

ಕ್ಯಾಂಟೀನಿನವನು ನಗು ತಡೆಯಲು ಬೆನ್ನು ತಿರುಗಿಸಿದ. ಬಿ.ಪಿ. ಉಪಾಯ ಕೇಳುತ್ತಿದ್ದ ಗಿರಾಕಿ ಲೋಟ ಎತ್ತಿಕೊಂಡು ಬೇರೆ ಮೇಜಿಗೆ ಹೋದ.

ಆ ಪಟ್ಟಿಯನ್ನು ಮಲ್ಲಿಕಾರ್ಜುನನ ಕೈಗೆ ಕೊಡಲು ಹೇಳಿ ಮಾಲವಿಕಾ ವಾರ್ಡಿಗೆ ಹಿಂದಿರುಗಿದಳು. ಸೀತಮ್ಮ ಕೈಸನ್ನೆ ಮಾಡಿ ಏನೆಂದು ಕೇಳಿದರು. ಅವಳು ಮರಿಯಮ್ಮನ ಮಾತನ್ನು ಹಾಗೆಯೇ ಹೇಳಿದಳು. ಸೀತಮ್ಮ ಮಾಸ್ಕ್ ಸರಿಸಿಕೊಂಡರು.

“ತೋಟದಲ್ಲೆಲ್ಲ ಗೊತ್ತಿತ್ತು ಅನ್ನು” ಎಂದರು. “ನಂಗೊಬ್ಳಿಗೇ ಯಾರೂ ಹೇಳ್ಲಿಲ್ಲ ನೋಡು.”