ಸಿದ್ದರಾಜು ಕೇಳಿದ್ದ ಮಾತು

ಕೃಷ್ಣಪ್ರಸಾದ್ ಮೇಷ್ಟ್ರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಸೌಮ್ಯ ಅವರ ಮಾತಿಗೆ ಸೊಪ್ಪು ಹಾಕದೆ ಆವತ್ತೇ ಎದ್ದು ಬರುತ್ತಿದ್ದಳು. ಮಂಡ್ಯದ ಆ ಕಾಲೇಜಿನಲ್ಲಿ ‘ನಮ್ಮ ಬದುಕು, ನಮ್ಮ ಬಾಯಲ್ಲಿ’ ಅಂತ ಕಾರ್ಯಕ್ರಮ ಶುರುಮಾಡಿದ ಪುಣ್ಯಾತ್ಮ ಅವರೇ. ಹುಡುಗ ಹುಡುಗಿಯರು ವೇದಿಕೆ ಹತ್ತಿ, ಕೈಯಲ್ಲಿ ಚೀಟಿ ಇಲ್ಲದೆ, ಐದು ನಿಮಿಷ ತಮ್ಮ ಬಾಳಿನ ಒಂದು ಸಂಗತಿ ಹೇಳಬೇಕು. ನಡೆದದ್ದೇ ಆಗಿರಬೇಕು, ಕಟ್ಟುಕತೆ ಕೂಡದು. ಇದ್ದದ್ದು ಅದೊಂದೇ ನಿಯಮ.

ಸೌಮ್ಯಳ ಹತ್ತಿರ ಇದ್ದದ್ದೂ ಒಂದೇ ಸಂಗತಿ, ಅಣ್ಣ ಸಿದ್ದರಾಜು ಸತ್ತದ್ದು. ಎರಡು ವರ್ಷದ ಹಿಂದೆ, ಮುಸ್ಸಂಜೆಯಲ್ಲಿ, ಅವರೂರು ಕೊಪ್ಪದ ರಸ್ತೆಯಲ್ಲಿ ಕಬ್ಬು ತುಂಬಿ ನಿಂತಿದ್ದ ಟ್ರೇಲರಿಗೆ ಬೈಕು ಗುದ್ದಿದ್ದ. ಆಸ್ಪತ್ರೆಗೆ ಜೊತೆಯಲ್ಲಿ ಹೋದವಳು ಸೌಮ್ಯ ಒಬ್ಬಳೇ. ಅವ್ವ ಸೋಮಮ್ಮನಿಗೆ ಫೋನಿನಲ್ಲಿ, “ಕಾಲಿಗೆ ಪೆಟ್ಟು ಅಷ್ಟೇ ಕಣವ್ವ, ನೀ ಬರ್ಬ್ಯಾಡ, ಅಸ ಕರ ನೋಡ್ಕೊ” ಅಂದಿದ್ದಳು. ತಾನೂ ಹಾಗೇ ನಂಬಿದ್ದಳು. ಸಿದ್ದರಾಜು ಒಮ್ಮೆ ಕಣ್ಣು ಬಿಟ್ಟು, “ಗಾಡಿಗೇನಾಯ್ತು?” ಅಂದ. “ಏನೂ ಆಗಿಲ್ಲ” ಅಂದಳು. “ಸರಿ ಬುಡು” ಅಂತ ಕಣ್ಣು ಮುಚ್ಚಿದ. ಮತ್ತೆ ಬಿಡಲೇ ಇಲ್ಲ.

ಆ ಮಾತನ್ನು ಹಿಡಿದುಕೊಂಡೇ ಸೋಮಮ್ಮ ಎರಡು ವರ್ಷ ಅನ್ನ ಉಂಡಿದ್ದಳು. ಡೈರಿಗೆ ಹಾಲು ಹಾಕುವಾಗ, ಬಸ್ಸಿನಲ್ಲಿ, ಕಂಡಕಂಡವರ ಹತ್ತಿರ, “ನನ್ ಮಗಂಗೆ ಸಾಯ್ತೀನಿ ಅಂತ್ಲೇ ಗೊತ್ತಿರ್ನಿಲ್ಲ ಕಣಮ್ಮ. ಗಾಡಿ ಚಿಂತೆ ಮಾಡ್ಕಂಡು ಮನೀಕಂಡ” ಅನ್ನುವಳು. ಹೇಳುತ್ತಾ ಹೇಳುತ್ತಾ ಒಮ್ಮೊಮ್ಮೆ ನಗುವಳು ಕೂಡ. ಮಗ ಹೆದರಲಿಲ್ಲ, ನರಳಲಿಲ್ಲ, ನನ್ನನ್ನು ಹುಡುಕಲಿಲ್ಲ ಅನ್ನುವುದೇ ಅವಳಿಗೆ ಇದ್ದ ಜೀವ.

ತಾಲೀಮಿನ ದಿನ ಮೇಷ್ಟ್ರು ಕಣ್ಣೊರೆಸಿಕೊಂಡು ಕೇಳಿದರು. ಗಾಡಿ ಮಾತು ಬಂದಾಗ ಮಾತ್ರ ಮುಖ ಹಿಂಡಿದರು. “ಇಲ್ಲಿ ಬಿದ್ದೋಗುತ್ತಮ್ಮ, ಜನ ನಕ್ಕುಬಿಡ್ತಾರೆ. ತಾಯೀನ ಕೇಳಲಿಲ್ವಾ ಅವನು? ಆ ಹೊತ್ತಲ್ಲಿ ಯಾರಾದ್ರೂ ಕೇಳೇ ಕೇಳ್ತಾರೆ.”

“ಕೇಳಿರ್ಬಹುದು ಸರ್.”

“ಮತ್ತೆ! ಅದನ್ನ ಹೇಳು.”

ಯಾಕೆ ಹಾಗಂದೆ ಅಂತ ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಮೇಷ್ಟ್ರ ಎದುರು ಇಲ್ಲ ಅಂದು ಅಭ್ಯಾಸವಿರಲಿಲ್ಲ, ಅಷ್ಟೇ ಇರಬೇಕು. ಅವ್ವ ಹೇಗೂ ಕಾಲೇಜಿನ ಕಡೆ ತಲೆ ಹಾಕುವವಳಲ್ಲ ಅಂತ ಸಮಾಧಾನ ಬೇರೆ. ಏಳೆಂಟು ಸಲ ತಾಲೀಮಾಯಿತು. ‘ಅವ್ವನ್ನ ಕರಿ’ ಅನ್ನುವಾಗ ದನಿ ಇಳಿಸು, ನಿಲ್ಲಿಸು, ಮೂರು ಎಣಿಸು ಅಂದರು ಮೇಷ್ಟ್ರು. ನಾಲ್ಕನೇ ಸಲಕ್ಕೆ ಅಳು ತಾನಾಗಿ ಬಂತು. ನಿಜವಾದ ಅಳುವೇ! ಹಾಳಾದ ಕಣ್ಣಿಗೆ ಏನು ಗೊತ್ತಾಗುತ್ತದೆ?

ಕಾರ್ಯಕ್ರಮದ ದಿನ ಸಭಾಂಗಣ ಗಿಜಿಗಿಜಿ ಅನ್ನುತ್ತಿತ್ತು. “ಅಣ್ಣ ನನ್ನ ಕೈ ಹಿಡ್ಕೊಂಡು, ‘ಅವ್ವನ್ನ ಕರಿ’ ಅಂದ. ನಾನು ಕರೀಲಿಲ್ಲ” ಅಂದಳು ಸೌಮ್ಯ. ಮೂರು ಎಣಿಸಿದಳು. ಚಪ್ಪಾಳೆ ಸೂರು ಹಾರುವ ಹಾಗೆ ಬಂತು. ಆಗ ಮೇಷ್ಟ್ರು ಅವಳಿಗೂ ಹೇಳದೆ ಮಾಡಿಟ್ಟಿದ್ದ ಏರ್ಪಾಟು ಹೊರಗೆ ತೆಗೆದರು. ಮೈಕು ಇಸಿದುಕೊಂಡು, “ಈ ಕಥೆಯ ತಾಯಿ ಇಲ್ಲೇ ಇದ್ದಾರೆ! ನಾನೇ ಫೋನ್ ಮಾಡಿ ಕರೆಸಿದ್ದೀನಿ. ಬನ್ನಿ ಅಮ್ಮಾ, ಮೇಲೆ ಬನ್ನಿ” ಅಂದರು.

ಕೊನೆಯ ಸಾಲಿನಿಂದ ಸೋಮಮ್ಮ ಎದ್ದಳು. ಮಗಳ ಕಾಲೇಜು ಅಂತ ಮಡಿಸಿಟ್ಟಿದ್ದ ಸೀರೆ ಉಟ್ಟು ಬಂದಿದ್ದಳು. ಮೆಟ್ಟಿಲು ಹತ್ತಿ, ಮಗಳ ಎದುರು ನಿಂತಳು. ಯಾರೋ ಮೈಕು ಬಾಯಿಗೆ ಹಿಡಿದರು.

“ಕರುದ್ನಾ ಅವ್ನು ನನ್ನ?”

ಸಭೆಗೆಲ್ಲ ಕೇಳಿಸಿತು. ಜನ ಮತ್ತೆ ಚಪ್ಪಾಳೆ ತಟ್ಟಿದರು. ಥೂ, ಎಂಥ ಜನ! ಸೌಮ್ಯಳಿಗೆ ಅಲ್ಲೇ ನೆಲ ಬಿರಿದು ನುಂಗಬಾರದೇ ಅನ್ನಿಸಿತು.

ಮದ್ದೂರಿನ ಬಸ್ಸಿನಲ್ಲಿ ಸೀಟು ಸಿಕ್ಕಿದ್ದೇ ಅವಳು ಎಲ್ಲವನ್ನೂ ಬಿಡಿಸಿ ಹೇಳಿದಳು. “ಸುಳ್ಳು ಕಣವ್ವ. ಮೇಷ್ಟ್ರು ಇಂಗೇಳು ಅಂದ್ರು, ಏಳ್ಬುಟ್ಟೆ. ಅವ್ನು ಕೇಳಿದ್ದು ಗಾಡೀನೇ. ನಿನ್ನಾಣೆಗೂ.”

“ಗಾಡಿ ಮಾತ ನೀನೇ ನನ್ ಸಮಾಧಾನಕ್ಕೆ ಕಟ್ಟಿದ್ದೆ. ಈಗ ಗೊತ್ತಾಯ್ತು ಬುಡು.”

“ಇಲ್ಲ ಕಣವ್ವ!”

“ಸತ್ತೋದ ಅಣ್ಣನ್ ಮ್ಯಾಲೆ, ಅಷ್ಟು ಜನದ್ ಮುಂದೆ, ಯಾರಾರ ಸುಳ್ಳೇಳ್ಕಂಡು ಅಳ್ತಾರಾ? ನೀ ಅಂತೋಳಲ್ಲ.”

ಬೈದಿದ್ದರೆ ಸೌಮ್ಯ ತಡೆದುಕೊಳ್ಳುತ್ತಿದ್ದಳು. ಅವ್ವ ಬೈಯಲಿಲ್ಲ. ಮಗಳ ಮೇಲಿದ್ದ ನಂಬಿಕೆಯಿಂದಲೇ ಮಗಳ ಬಾಯಿ ಕಟ್ಟಿಬಿಟ್ಟಳು. ಸೌಮ್ಯ ದೇವರ ಮೇಲೆ ಆಣೆ ಇಟ್ಟಳು, ಮೇಷ್ಟ್ರಿಗೆ ಫೋನ್ ಹಚ್ಚಿಕೊಡುತ್ತೇನೆ ಅಂದಳು, ಅತ್ತಳು. ಅಳು ಕಂಡಷ್ಟೂ ಸೋಮಮ್ಮನಿಗೆ ಅನುಮಾನ ಗಟ್ಟಿಯಾಯಿತು.

“ಎಷ್ಟೊತ್ತು ಕರುದ ಮಗ?” ಅಂತ ಶುರುಮಾಡಿದಳು. “ನಾನಿಲ್ಲಿ ಅಸೀಗೆ ಮೇವಾಕ್ತಿದ್ದೆ. ಅವ್ನಲ್ಲಿ ಕರೀತಿದ್ದ. ಪ್ರಾಣ ಓಗೋಗಂಟ ಕರೀತಾನೇ ಇದ್ನಾ?”

ಮದ್ದೂರಿನಲ್ಲಿ ಬಸ್ಸು ಬದಲಾಯಿಸುವಾಗಲೂ ಅದನ್ನೇ ಕೇಳಿದಳು. ಕೊಪ್ಪದ ಬಸ್ಸು ಹತ್ತಿದ ಮೇಲೂ ಅದೇ. ಮುಂದಿನ ಸೀಟಿನವರು ತಿರುಗಿ ನೋಡಿದರು. ಸೌಮ್ಯಳ ಕೈಲಿ ಇನ್ನು ಆಗಲಿಲ್ಲ. ಅವ್ವನ ಕೈ ಹಿಡಿದುಕೊಂಡಳು.

“ಇಲ್ಲ ಕಣವ್ವ. ಒಂದೇ ಸಲ ಕರುದ. ಆಮೇಕೆ ನಿದ್ದೆ ಅತ್ಬುಡ್ತು.”



“ಒಂದ್ಸಲಕ್ಕೇ ಬರ್ಬೇಕಿತ್ತಲ್ಲ ಕಣೆ ನಾನು” ಅಂದಳು ಸೋಮಮ್ಮ.