ವಿಷಾದದ ಕಾಗುಣಿತ

ನಮ್ಮ ಭಾವ ತಮ್ಮದೇ ಮನೆಯ ಅಡುಗೆಮನೆಗೆ ಹೋಗಬೇಕಾದರೂ ಬಾಗಿಲಿಗೆ ಎರಡು ಸಲ ತಟ್ಟಿ, "ಒಳಗೆ ಬರಬಹುದಾ?" ಎಂದು ಕೇಳಿಯೇ ಹೋಗುತ್ತಿದ್ದರು. ಒಲೆಯ ಮುಂದಿನ ನನ್ನಕ್ಕ ಮೊದಮೊದಲು ನಕ್ಕಳು, ಆಮೇಲೆ ಸಿಡುಕಿದಳು, ಕೊನೆಗೆ "ಬನ್ನಿ, ಕೂತ್ಕೊಳ್ಳಿ" ಎನ್ನುವುದನ್ನು ರೂಢಿ ಮಾಡಿಕೊಂಡಳು. ಇಪ್ಪತ್ತೆಂಟು ವರ್ಷ ಕರಡು ತಿದ್ದಿದ ಅಚ್ಚುಮನೆ ಮುಚ್ಚಿಹೋಗಿ, ಐವತ್ತೆರಡನೆಯ ವಯಸ್ಸಿನಲ್ಲಿ ಸಂದರ್ಶನಗಳಿಗೆ ಅಲೆಯಬೇಕಾಗಿ ಬಂದ ಮೇಲೆ, ಅವರು ಬಾಗಿಲು ದಾಟುವುದನ್ನೂ ಹೊಸದಾಗಿ ಕಲಿಯುತ್ತಿದ್ದರು.

ತುಸು ಮುಂಬಾಗಿದ ನಡಿಗೆ, ಕಂಡ ಕಂಡ ನಾಮಫಲಕದ ಮುಂದೆ ತಡೆದು ನಿಲ್ಲುವ ಚಾಳಿ, ಮದುವೆಯ ಕಾಲದ ಬೂದು ಕೋಟು, ಅದರ ಎದೆಜೇಬಿನಲ್ಲಿ ಸದಾ ಒಂದು ಕೆಂಪು ಪೆನ್ಸಿಲ್. ಅದನ್ನು ಮನೆಯಲ್ಲಿಟ್ಟು ಹೋಗಿ ಎಂದು ನಾನೆಷ್ಟು ಬೇಡಿಕೊಂಡೆನೋ! ಒಂದು ಕಡೆ ಸಂದರ್ಶಕರ ಮೇಜಿನ ಮೇಲಿದ್ದ ಪ್ರಕಟಣೆಯಲ್ಲಿ 'ಅಭ್ಯರ್ಥಿ' ತನ್ನ ಮಹಾಪ್ರಾಣ ಕಳೆದುಕೊಂಡು 'ಅಬ್ಯರ್ಥಿ'ಯಾಗಿರುವುದನ್ನು ಕಂಡು, ಕೇಳಿದ್ದಕ್ಕೆ ಉತ್ತರಿಸುವ ಮೊದಲೇ ಅದನ್ನು ತಿದ್ದಿಕೊಟ್ಟರಂತೆ. ಆ ಕೆಲಸವೂ ಸಿಗಲಿಲ್ಲ.

ಪ್ರತಿ ಭಾನುವಾರ ಬೆಳಿಗ್ಗೆ ಅವರ ಅಭ್ಯಾಸಕ್ಕೆಂದು ನಾನು ಸಂದರ್ಶಕನಾಗಬೇಕು. ಆಫೀಸಿನಲ್ಲಿ ನನ್ನದು ನೇಮಕಾತಿ ವಿಭಾಗ, ತಪ್ಪಿಸಿಕೊಳ್ಳುವಂತಿರಲಿಲ್ಲ. ಐವತ್ತು ದಾಟಿದವರನ್ನು ನಮ್ಮಲ್ಲಿ ತೆಗೆದುಕೊಳ್ಳುವಂತೆಯೂ ಇರಲಿಲ್ಲ.

"ಹಿಂದಿನ ಕೆಲಸ ಯಾಕೆ ಬಿಟ್ರಿ?"

"ನಾನೆಲ್ಲಿ ಬಿಟ್ಟೆನಪ್ಪಾ, ಅದೇ ನನ್ನ ಬಿಡ್ತು."

"ಅಯ್ಯೋ ಭಾವ, ಹಾಗನ್ನಬಾರ್ದು!"

"ಮತ್ತೆ ಸುಳ್ಳು ಹೇಳ್ಲಾ?"

ಹೀಗೆ ದಬಾಯಿಸುವಾಗಲೂ ಅವರ ಅಂಗೈ ಬೆವರುತ್ತಿತ್ತು. ಅದನ್ನವರು ಕೋಟಿಗೆ ಒರೆಸಿಕೊಳ್ಳುತ್ತಿದ್ದರು.

ನಿರಾಕರಣೆಯ ಪತ್ರಗಳು ಹನ್ನೊಂದು ಬಂದವು. ಒಂದೊಂದನ್ನೂ ಕರಡಿನಂತೆ ತಿದ್ದಿ ಕಡತಕ್ಕೆ ಸೇರಿಸುವರು. "ನೋಡಯ್ಯಾ, ವಿಷಾದ ಅನ್ನೋಕೆ ವಿಶಾದ ಅಂತ ಬರ್ದಿದ್ದಾರೆ. ಇವ್ರಿಗೆ ವಿಷಾದಾನೂ ನೆಟ್ಟಗೆ ಪಡೋಕೆ ಬರಲ್ಲ!" ಎಂದು ಗಹಗಹಿಸುವರು. ಆ ನಗು ಇರುವವರೆಗೆ ಅಕ್ಕನಿಗೂ ಧೈರ್ಯವಿತ್ತು.

ಹನ್ನೆರಡನೆಯದು ಬಂದ ದಿನ ಅಕ್ಕ ಫೋನ್ ಮಾಡಿದಳು. "ಕಾಗದದಲ್ಲಿ ತಪ್ಪಿದೆ ಕಣೋ, ನನ್ನ ಕಣ್ಣಿಗೇ ಕಾಣ್ತಿದೆ. ಇವರು ತಿದ್ದೇ ಇಲ್ಲ. ಬಾಗಿಲೂ ತಟ್ಟಲಿಲ್ಲ, ಸುಮ್ನೆ ಬಂದು ನೀರು ಕುಡಿದು ಹೋದ್ರು. ನಂಗ್ಯಾಕೋ ಭಯ ಆಗ್ತಿದೆ." ತಪ್ಪನ್ನು ಕಂಡೂ ಸುಮ್ಮನಿರುವ ಭಾವನನ್ನು ನಾನು ಕಂಡೇ ಇರಲಿಲ್ಲ.

ಮರುದಿನ ಬೆಳಿಗ್ಗೆ ನಾನು ಆಫೀಸಿಗೆ ಹೊರಡುವ ಹೊತ್ತಿಗೆ ಬಾಗಿಲಿಗೆ ಎರಡು ತಟ್ಟು.

"ಒಳಗೆ ಬರಬಹುದಾ?"

ಅದೇ ಬೂದು ಕೋಟು. ಕಣ್ಣು ಮಾತ್ರ ಕೆಂಪಾಗಿತ್ತು. ಆ ಕಾಗದವನ್ನು ತೆಗೆದು ನನ್ನ ಮುಂದಿಟ್ಟರು. ಕೆಂಪು ಗೆರೆ ಎಳೆದಿತ್ತು.

"ನಿನ್ನೆ ಒಂದು ತಪ್ಪು ಹಾಗೇ ಬಿಟ್ಬಿಟ್ಟಿದ್ದೆ ಕಣಯ್ಯಾ. ಗುರುವಾರ ಇನ್ನೊಂದು ಕಡೆ ಕರ್ದಿದ್ದಾರೆ. ಕೇಳು, ಯಾಕೆ ಬಿಟ್ರಿ ಅಂತ ಕೇಳು."

ಕೇಳಿದೆ. ಉತ್ತರ ಹಳೆಯದೇ. ಈ ಸಲ ನಾನು ತಿದ್ದಲು ಹೋಗಲಿಲ್ಲ.

ಆಫೀಸಿನಲ್ಲಿ ಅಂದು ಸಹಿಗೆ ಬಂದ ನಿರಾಕರಣೆಯ ಪತ್ರಗಳ ಕಟ್ಟನ್ನು ಮೊದಲ ಸಲ ಓದಿ ನೋಡಿದೆ. ಅಲ್ಲೂ 'ವಿಶಾದ'ವೇ, ಎಷ್ಟು ವರ್ಷಗಳಿಂದಲೋ! ನಾಚಿಕೆಯಿಂದ ಕೆಂಪು ಪೆನ್ಸಿಲ್‌ಗಾಗಿ ತಡಕಾಡಿದೆ. ನನ್ನ ಮೇಜಿನಲ್ಲಿ ಅಂಥದೊಂದು ಇರಲಿಲ್ಲ. ತಮ್ಮನ್ನು ಬೇಡವೆಂದ ಕಾಗದವನ್ನೂ ಅಕ್ಷರ ಬಿಡದೆ ಓದುವ ಜನ ಲೋಕದಲ್ಲಿದ್ದಾರೆ. ಬೆವರಿದ ಅಂಗೈಯನ್ನು ಕೋಟಿಗೆ ಒರೆಸಿಕೊಂಡು ಅವರು ಮತ್ತೆ ಮತ್ತೆ ಬಾಗಿಲು ತಟ್ಟುತ್ತಾರೆ. ಒಳಗೆ ಕೂತ ನಾವು, ನಮ್ಮ ಸಹಿಯ ಮೇಲಿನ ಸಾಲನ್ನೂ ಓದದವರು, ಅವರ ಅರ್ಹತೆಯನ್ನು ಅಳೆಯುತ್ತೇವೆ.